ಸಾವಿರದ ಮುನ್ನೂರ ನಲವತ್ತನೆಯ ಸೆಕೆಂಡು

ಪೆಟ್ಟಿಗೆ ತೆರೆಯುವುದು ಮಧ್ಯಾಹ್ನ ಮೂರಕ್ಕೆ ಎಂದು ನಿಗದಿಯಾಗಿತ್ತು. ಅದರೊಳಗೆ ಏನಿದೆಯೆಂದು ಅವಳಿಗೆ ಹದಿನೇಳು ದಿನಗಳಿಂದ ಗೊತ್ತಿತ್ತು. ಬೆಳಿಗ್ಗೆ ಅತ್ತೆಯ ಬಲಗಣ್ಣಿನ ಮೇಲಿನ ಹತ್ತಿಯ ಪಟ್ಟಿ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುವಾಗಲೂ ಅವಳ ಕಣ್ಣಿಗೆ ಕಂಡದ್ದು ಪಟ್ಟಿಯಲ್ಲ, ಬಿಳಿಯ ಮೇಲೆ ಒಂದು ಕಪ್ಪು ಚುಕ್ಕೆ. ಹಾಲಿನ ಮೇಲೆ, ಸ್ನಾನದ ಮನೆಯ ಗೋಡೆಯ ಮೇಲೆ, ಗಂಡನ ಇಸ್ತ್ರಿ ಅಂಗಿಯ ಮೇಲೆ, ಬಿಳಿಯಾದದ್ದೆಲ್ಲದರ ಮೇಲೆ ಈಗ ಹದಿನೇಳು ದಿನಗಳಿಂದ ಅದು ಬಂದು ಕೂರುತ್ತಿತ್ತು. ರೆಪ್ಪೆ ಬಡಿದರೆ ಹೋಗುತ್ತಿತ್ತು, ಹೋದ ಜಾಗ ನೆನಪಿರುತ್ತಿತ್ತು. ಪಟ್ಟಿಯ ಕೆಳಗಿನ ಮೂಲೆಯಲ್ಲಿ ಅಂಟು ಬಿಟ್ಟುಕೊಂಡಿರುವುದು ಅವಳಿಗೆ ಕಂಡದ್ದು ಎರಡನೆಯ ಸಲ ನೋಡಿದಾಗ.

"ಅತ್ತೆ, ಇದನ್ನ ಎತ್ತಿದ್ರಾ?"

"ಯಾರು, ನಾನಾ?"

"ಅಂಟು ಬಿಟ್ಟಿದೆ. ಇವತ್ತು ಡಾಕ್ಟ್ರೇ ತೆಗೀತಾರೆ, ಅಲ್ಲೀವರೆಗೂ ಮುಟ್ಟಬೇಡಿ ಅಂದಿದ್ರು."

"ಒಂದೇ ಒಂದ್ ಸಲ ಕಣೇ. ಹೀಗೆ ಎತ್ತಿದೆ, ಹಾಗೆ ಮುಚ್ಚಿದೆ. ಕಿಟಕಿ ಕಾಣ್ತು." ಅತ್ತೆ ತಲೆಯನ್ನು ಕುರ್ಚಿಗೆ ಆನಿಸಿ, ಪಟ್ಟಿಯಿಲ್ಲದ ಕಣ್ಣನ್ನೂ ಮುಚ್ಚಿಕೊಂಡು ನಕ್ಕರು. "ಕಂಡಿದ್ದು ಕಂಡಾಯ್ತು. ಈಗೇನ್ ಮಾಡ್ಲಿ, ಕಾಣಲಿಲ್ಲ ಅನ್ಲಾ?"

ಗಂಡ ಬೂಟಿನ ದಾರ ಕಟ್ಟುತ್ತ ಕೂತಿದ್ದವನು ತಲೆಯೆತ್ತದೆಯೇ "ಅಮ್ಮಾ, ನಿನಗೆ ಆಪರೇಷನ್ ಅಲ್ಲ, ಬೀಗ ಹಾಕ್ಸಬೇಕಿತ್ತು" ಎಂದ. ಅವನು ನಗರದ ಬಸ್ಸುಗಳ ವೇಳಾಪಟ್ಟಿ ಬರೆಯುವ ಕಚೇರಿಯಲ್ಲಿದ್ದ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅರ್ಧ ದಿನದ ರಜೆ ಹಾಕಿದ್ದ. ಇಬ್ಬರೂ ನಗುತ್ತಿದ್ದರು. ಇಷ್ಟು ಸುಲಭವೇ ಎಂದು ಅವಳು ಅಂಟನ್ನು ಹೆಬ್ಬೆರಳಿನಿಂದ ಒತ್ತುತ್ತ ನಿಂತಳು. ಎತ್ತಿದೆ, ನೋಡಿದೆ, ಮುಚ್ಚಿದೆ. ಇಷ್ಟೇ ಮೂರು ಕ್ರಿಯಾಪದ. ಬಾಗಿಲ ಬಳಿ ಗಂಡ ಕೇಳಿದ: "ಇವತ್ತೇ ಅಲ್ವೇನೇ ನಿಮ್ಮ ಪೆಟ್ಟಿಗೆ? ಏನಾದ್ರೂ ಸಿಕ್ಕತ್ತಾ?"

"ತೆರೆದ್ರೆ ಗೊತ್ತಾಗತ್ತೆ ರೀ" ಎಂದಳು. ಮೆಟ್ಟಿಲಿಳಿಯುವಾಗ, ಸುಳ್ಳು ಹೇಳಿದ ಮೇಲೂ ಚಪ್ಪಲಿಯ ಸದ್ದು ಮೊದಲಿನ ಹಾಗೆಯೇ ಇದೆಯೆಂದು ಗಮನಿಸಿದಳು.

ಪೆಟ್ಟಿಗೆ ಎಂದರೆ ನಿಜವಾದ ಪೆಟ್ಟಿಗೆಯೇನಲ್ಲ. ಕಂಪ್ಯೂಟರಿನಲ್ಲಿರುವ ಒಂದು ಕಡತ, ಅದಕ್ಕೊಂದು ಬೀಗ. ಹುಡುಕುವವನು ತನಗೆ ಬೇಕಾದದ್ದನ್ನೇ ಕಾಣುತ್ತಾನೆ ಎಂಬ ಭಯದಿಂದ, ದೂರದರ್ಶಕದಲ್ಲಿ ಹೊಳಪು ಹುಡುಕುವ ಅವರ ಕಸುಬಿನವರು ಮಾಡಿಕೊಂಡ ಕಟ್ಟುಪಾಡು ಅದು: ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು, ಯಾವ ಹೊಳಪನ್ನು ಸಿಡಿಲೆಂದು ಬಿಡಬೇಕು, ಇವೆಲ್ಲವನ್ನೂ ಕಣ್ಣು ಕಟ್ಟಿಕೊಂಡೇ ತೀರ್ಮಾನಿಸಬೇಕು, ಆಮೇಲೆ ಒಂದು ದಿನ ಎಲ್ಲರೂ ಕೂತು ತೆರೆಯಬೇಕು, ತೆರೆದ ಮೇಲೆ ಒಂದು ಗೆರೆಯನ್ನೂ ಅತ್ತಿತ್ತ ಸರಿಸುವಂತಿಲ್ಲ. ಅಲ್ಲಿಯವರೆಗೆ ಎಲ್ಲರ ಕೈಗೆ ಸಿಗುವುದು ಕಾಲವನ್ನು ಕಲಸಿದ ಕಡತ. ಹೊಳಪುಗಳೆಲ್ಲ ನಿಜ, ಅವು ಹೊಳೆದ ಹೊತ್ತು ಮಾತ್ರ ಇಸ್ಪೀಟಿನ ಎಲೆಗಳ ಹಾಗೆ ಕಲಸಿದ್ದು. ತೆರೆಯುವ ದಿನ ಒಂದು ನೀಲಿ ರಟ್ಟಿನ ರಿಜಿಸ್ಟರು ಕೋಣೆಯನ್ನು ಸುತ್ತುತ್ತದೆ. "ನಾನು ನೋಡಿಲ್ಲ" ಎಂದು ಮೇಲೆ ಒಂದೇ ಒಂದು ವಾಕ್ಯ, ಕೆಳಗೆ ಹನ್ನೊಂದು ಸಹಿ. ಕಳೆದ ಐದು ವರ್ಷಗಳಲ್ಲಿ ಏಳು ಸಲ ಪೆಟ್ಟಿಗೆ ತೆರೆದಿದ್ದರು, ಏಳು ಸಲವೂ ಒಳಗೆ ಏನೂ ಇರಲಿಲ್ಲ, ಏಳು ಸಲವೂ ಅವಳು ಸಹಿ ಹಾಕಿದ್ದಳು. ಏನೂ ಇಲ್ಲದ್ದನ್ನು ನೋಡಿಲ್ಲವೆಂದು ಬರೆದುಕೊಡುವುದು ಎಷ್ಟು ಹಗುರವಾಗಿತ್ತು.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಎದುರು ಸೀಟಿನ ಮಗು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಅವಳನ್ನೇ ನೋಡುತ್ತಿತ್ತು. ಅವಳು ಮುಖ ತಿರುಗಿಸಿದಳು. ಅತ್ತೆಗೆ ಒಮ್ಮೆ ತನ್ನ ಕೆಲಸವನ್ನು ವಿವರಿಸಲು ಹೋಗಿದ್ದಳು. ಬಹಳ ದೂರದಲ್ಲಿ ಸತ್ತ ಎರಡು ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅತ್ತೆ, ಆಗ ನ್ಯೂಟ್ರಿನೋ ಅನ್ನೋ ಕಣ ಹೊರಡತ್ತೆ, ಅದು ಯಾವುದಕ್ಕೂ ತಾಗಲ್ಲ, ಗೋಡೆ ಬೆಟ್ಟ ಎಲ್ಲ ತೂರಿ ಹೋಗತ್ತೆ. ಎಲ್ಲೋ ಲಕ್ಷಕ್ಕೆ ಒಂದು ಮಾತ್ರ ಭೂಮಿಯ ಅಂಚಿನೊಳಗೆ ನುಗ್ಗಿ ಹೊರಬರುವಾಗ ಗಾಳಿಯಲ್ಲಿ ನೀಲಿಯಾಗಿ ಒಂದು ಸಲ ಹೊಳೆಯತ್ತೆ. ರೆಪ್ಪೆ ಬಡಿಯುವ ಹೊತ್ತನ್ನು ಕೋಟಿ ಪಾಲು ಮಾಡಿದರೆ ಅಷ್ಟು ಹೊತ್ತು. ನಮ್ಮ ದೂರದರ್ಶಕ ಮೇಲೆ ಸುತ್ತುತ್ತಾ ಇರತ್ತಲ್ಲ, ಅದು ಆಕಾಶ ನೋಡಲ್ಲ, ತಿರುಗಿ ಭೂಮಿಯ ಅಂಚನ್ನೇ ನೋಡ್ತಾ ಕೂತಿರತ್ತೆ, ಆ ಹೊಳಪಿಗೆ. ಅತ್ತೆ ಬಟಾಣಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ಹೋಗೋದನ್ನ ಯಾಕ್ ಹಿಡೀತೀರೇ ಪಾಪ, ಹೋಗ್ಲಿ ಬಿಡಿ" ಎಂದಿದ್ದರು. ಅವಳು ಆಗ ನಕ್ಕಿದ್ದಳು. ಹೋಗಲಿ ಬಿಡಬೇಕಿತ್ತು. ಅವಳ ಪಾಲಿಗೆ ಒಂದು ಹೋಗದೆ ನಿಂತುಬಿಟ್ಟಿತ್ತು.

ಅವಳ ಕೆಲಸ ಗಡಿಯಾರ. ದೂರದರ್ಶಕದೊಳಗಿನ ಗಡಿಯಾರ ದಿನಕ್ಕೆ ಎಷ್ಟು ಹಿಂದೆ ಬೀಳುತ್ತದೆ, ಎಷ್ಟು ಮುಂದೆ ಓಡುತ್ತದೆ ಎಂದು ನೋಡಿ ಸರಿಪಡಿಸುವುದು. ಅದಕ್ಕಾಗಿಯೇ ಹನ್ನೊಂದು ಜನರಲ್ಲಿ ಅವಳೊಬ್ಬಳಿಗೆ ಮಾತ್ರ ಕಲಸದ ಕಾಲದ ಕಡತಕ್ಕೆ ಪ್ರವೇಶವಿತ್ತು, ಅದೂ ಡಿಕ್ಕಿಯ ಮುಂಚಿನ ನೂರು ಸೆಕೆಂಡುಗಳಿಗೆ ಮಾತ್ರ. ಮಾತ್ರ ಎನ್ನುವುದು ಬೀಗವಲ್ಲ, ನಂಬಿಕೆ. ಕಡತ ಪೂರ್ತಿ ತೆರೆಯುತ್ತಿತ್ತು. ಪರದೆಯ ಮೇಲೆ ನೂರು ಸೆಕೆಂಡು ತೋರುವ ಹಾಗೆ ಅಳತೆ ಇಟ್ಟುಕೊಂಡು ನೋಡಬೇಕಾದವಳು ಅವಳು. ಐದು ವರ್ಷ ಹಾಗೆಯೇ ನೋಡಿದ್ದಳು. ಹದಿನೇಳು ದಿನಗಳ ಹಿಂದೆ, ಊಟ ಮುಗಿಸಿ ಬಂದು ಕೂತ ಮಬ್ಬಿನಲ್ಲಿ, ಚಿತ್ರವನ್ನು ಎಡಕ್ಕೆ ಎಳೆಯುವಾಗ ಬೆರಳು ಸ್ವಲ್ಪ ಹೆಚ್ಚೇ ಎಳೆಯಿತು. ಬೆರಳು ಜಾರಿತು. ಜಾರಿತೋ, ಎಳೆಯಿತೋ? ಬೆರಳಿಗೆ ಗೊತ್ತು. ಡಿಕ್ಕಿಯ ಕ್ಷಣದ ಸೊನ್ನೆಯ ಗೆರೆ ದಾಟಿ ಐನೂರು ಬಂತು, ಸಾವಿರ ಬಂತು, ಖಾಲಿ, ಖಾಲಿ, ಆಮೇಲೆ ಡಿಕ್ಕಿಯಾದ ದಿಕ್ಕಿಗೆ ಸರಿಯಾಗಿ, ಸಾವಿರದ ಮುನ್ನೂರ ನಲವತ್ತನೆಯ ಸೆಕೆಂಡಿನಲ್ಲಿ, ಒಂದು ಚುಕ್ಕೆ. ನಾಲ್ಕು ಸೆಕೆಂಡಿನೊಳಗೆ ಮುಚ್ಚಿದ್ದಳು. ನಾಲ್ಕು ಸೆಕೆಂಡು ಎಂದು ಹೇಗೆ ಗೊತ್ತು? ಗಡಿಯಾರ ಅವಳ ಕೆಲಸವಲ್ಲವೇ. ಜಾರಿದ ಬೆರಳಿಗೆ ವಾಪಸು ಬರಲು ನಾಲ್ಕು ಸೆಕೆಂಡು ಬೇಕೆ ಎನ್ನುವುದು ಮಾತ್ರ ಆಮೇಲೆ, ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದಾಗ, ತಾನಾಗಿ ಬಂದ ಪ್ರಶ್ನೆ.

ನೋಡಿದ್ದಷ್ಟೇ ಆಗಿದ್ದರೆ ಅದನ್ನು ನುಂಗಿಕೊಳ್ಳಬಹುದಿತ್ತೇನೋ. ಮಾರನೆಯ ದಿನವೇ ಸಭೆಯಿತ್ತು. ಡಿಕ್ಕಿಯಾದ ಮೇಲೆ ಎಷ್ಟು ಸೆಕೆಂಡಿನವರೆಗಿನ ಹೊಳಪನ್ನು ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದೊಂದೇ ತೀರ್ಮಾನಕ್ಕೆ ಉಳಿದಿತ್ತು. ಸಂಖ್ಯೆಗಳ ತೂಕ ನೋಡುವವನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು, ಅವನು ಎದುರಿದ್ದಾಗಲೂ. ತಕ್ಕಡಿ ಮೇಜಿನ ಮೇಲೆ ಪೆನ್ಸಿಲನ್ನು ಅಡ್ಡ ಇಟ್ಟು, "ಸಾವಿರ. ಎಲ್ಲರೂ ಸಾವಿರಾನೇ ಇಡೋದು, ನಾವ್ಯಾಕೆ ಹೊಸ ರಾಗ ತೆಗೀಬೇಕು?" ಎಂದಿದ್ದ. ಆಗ ಅವಳ ಬಾಯಿ ತೆರೆದುಕೊಂಡಿತು. ದೂರದರ್ಶಕ ತಿರುಗಿ ನಿಲ್ಲೋದಕ್ಕೇ ಐನೂರು ಹೋಗತ್ತೆ, ಉಳಿದ ಐನೂರಲ್ಲಿ ಏನ್ ನೋಡ್ತೀರಿ, ಎರಡು ಸಾವಿರ ಇಡಿ ಎಂದಳು.

"ಕಿಟಕಿ ದೊಡ್ಡದಾದ್ರೆ ಸೊಳ್ಳೇನೂ ಒಳಗೆ ಬರತ್ತೆ ಕಣಮ್ಮಾ. ಸಿಡಿಲು, ದೋಣಿ ದೀಪ, ಎಲ್ಲ."

"ಬರ್ಲಿ. ಸೊಳ್ಳೆ ಯಾವುದು ಅಂತ ಗುರುತು ಹಿಡಿಯೋಕೇ ತಾನೆ ನಿನ್ನ ಇಟ್ಕೊಂಡಿರೋದು?"

ಎಲ್ಲರೂ ನಕ್ಕುಬಿಟ್ಟರು. ತಕ್ಕಡಿಯೂ ನಕ್ಕ. ಅವಳು ಸಭೆಗಳಲ್ಲಿ ಹಾಸ್ಯ ಮಾಡುವವಳಲ್ಲ. ಒಂದು ವಾಕ್ಯ ಹೇಳುವ ಮುಂಚೆ ಮೂರು ಸಲ ಮನಸ್ಸಿನಲ್ಲೇ ತಿದ್ದುವವಳು. ಆ ದಿನ ಮಾತು ತಿದ್ದದೆಯೇ ಹೊರಬಂದಿತ್ತು, ಸಲೀಸಾಗಿ, ಬೇರೆ ಯಾರದೋ ಬಾಯಿಯಿಂದ ಬಂದ ಹಾಗೆ. ಮುಖ್ಯಸ್ಥೆ ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು, "ಗಡಿಯಾರದವಳು ಹೇಳ್ತಿದ್ದಾಳೆ ಅಂದ್ರೆ ಏನೋ ಕಾರಣ ಇರತ್ತೆ. ಎರಡು ಸಾವಿರ, ಬರ್ಕೊಳ್ಳಿ" ಎಂದರು. ಸಾವಿರ ಇಟ್ಟಿದ್ದರೆ ಚುಕ್ಕೆ ಗೆರೆಯ ಹೊರಗೆ. ಎರಡು ಸಾವಿರ ಇಟ್ಟದ್ದಕ್ಕೆ ಒಳಗೆ. ಏನೋ ಕಾರಣ ಇತ್ತು.

ಅವಳನ್ನು ನಿಜವಾಗಿ ಹಿಂಡುತ್ತಿದ್ದದ್ದು ಇದು: ಆ ವಾದ ಸುಳ್ಳಲ್ಲ. ಐನೂರು ಸೆಕೆಂಡು ತಿರುಗುವುದರಲ್ಲೇ ಹೋಗುತ್ತದೆ ಎನ್ನುವುದು ಅವಳು ನೋಡಿದ್ದರೂ ನಿಜ, ನೋಡದಿದ್ದರೂ ನಿಜ. ಹಾಗಾದರೆ ನೋಡುವ ಮುಂಚೆ ತಾನು ಎಷ್ಟು ಎಂದುಕೊಂಡಿದ್ದೆ? ಅದೊಂದು ಗೊತ್ತಾದರೆ ಸಾಕಿತ್ತು. ನೋಟುಬುಕ್ಕನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ಹಾಕಿದ್ದಳು. ಒಂದು ಪುಟದ ಮೂಲೆಯಲ್ಲಿ ತನ್ನದೇ ಅಕ್ಷರದಲ್ಲಿ "2000?" ಎಂದಿತ್ತು. ತಾರೀಖಿರಲಿಲ್ಲ. ಹಿಂದಿನ ಪುಟ ಚುಕ್ಕೆ ಕಂಡದ್ದಕ್ಕಿಂತ ಎರಡು ದಿನ ಮುಂಚಿನದು, ಮುಂದಿನ ಪುಟ ಒಂದು ವಾರ ಆಮೇಲಿನದು. ಅಂಕಿಯ ಮೇಲೆ ಕಾಫಿ ಲೋಟದ ಅರ್ಧ ಚಂದ್ರದ ಗುರುತು. ಯಾವ ದಿನದ ಕಾಫಿ? ಶಾಯಿ ಮೊದಲೋ, ಕಾಫಿ ಮೊದಲೋ? ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಮೂಸಿಯೂ ನೋಡಿದಳು. ಕೋಟಿ ಪಾಲಿನ ಹೊತ್ತನ್ನು ಅಳೆಯುವವಳಿಗೆ ತನ್ನದೇ ತಲೆಯೊಳಗೆ ಒಂದು ವಿಚಾರ ಹುಟ್ಟಿದ ದಿನ ಯಾವುದೆಂದು ಹೇಳಲಾಗಲಿಲ್ಲ. ನೆನಪನ್ನು ಕೇಳಿದರೆ ಅದು ಕೇಳಿದವರಿಗೆ ಬೇಕಾದ ಹಾಗೆ ತಲೆಯಾಡಿಸುತ್ತಿತ್ತು. ಒಂದು ದಿನ, ಖಂಡಿತ ಮುಂಚೆಯೇ ಅಂದುಕೊಂಡಿದ್ದೆ ಎನ್ನುತ್ತಿತ್ತು. ಇನ್ನೊಂದು ದಿನ, ಆ ಪ್ರಶ್ನಾರ್ಥಕ ಚಿಹ್ನೆ ನೋಡು, ಕಳ್ಳರು ಹಾಗೆಯೇ ಬರೆಯುವುದು ಎನ್ನುತ್ತಿತ್ತು.

ಸಂಸ್ಥೆಯ ಕಾರಿಡಾರಿನಲ್ಲಿ ನೆಲ ಒರೆಸಿದ್ದು ಇನ್ನೂ ಆರಿರಲಿಲ್ಲ. ಗೋಡೆಯ ಬದಿಗೆ ಅಂಟಿಕೊಂಡು ನಡೆದಳು. ಮುಖ್ಯಸ್ಥೆ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಜೇಬು, ಕೈಚೀಲ, ಕಡತಗಳ ನಡು ಎಲ್ಲ ತಡಕಾಡುತ್ತಿದ್ದರು. ಅವರನ್ನು ಎದುರಿಗೆ ಮೇಡಂ, ಹಿಂದಿನಿಂದ ದೊಡ್ಡಮ್ಮ ಎನ್ನುವುದು ವಾಡಿಕೆ. ದೊಡ್ಡಮ್ಮ ಇಪ್ಪತ್ತು ವರ್ಷ ಈ ದೂರದರ್ಶಕದ ಹಿಂದೆ ಬಿದ್ದವರು. ಅದನ್ನು ಇನ್ನು ಮೂರು ವರ್ಷ ನಡೆಸಬೇಕೋ ಅಥವಾ ಕೆಳಗಿಳಿಸಿ ಸಮುದ್ರಕ್ಕೆ ಹಾಕಬೇಕೋ ಎಂದು ಮುಂದಿನ ತಿಂಗಳು ಸಮಿತಿ ಕೂರುವುದಿತ್ತು. ಈ ಐದು ವರ್ಷಗಳಲ್ಲಿ ಇಷ್ಟು ಹತ್ತಿರದಲ್ಲಿ ಆದ ಡಿಕ್ಕಿ ಇದೊಂದೇ. ಒಂದು ಚುಕ್ಕೆ ಸಿಕ್ಕರೂ ಸಾಕು, ಉಳಿಯುತ್ತದೆ. ಯಾರೋ ಒಬ್ಬರು ಮೊದಲೇ ನೋಡಿದ್ದಾರೆ ಎಂದಾದರೆ ಈ ಡಿಕ್ಕಿಯನ್ನೇ ಲೆಕ್ಕದಿಂದ ಬಿಡಬೇಕು. ಅದೂ ಅವರೇ ಮಾಡಿದ ಕಟ್ಟುಪಾಡು, ದೊಡ್ಡಮ್ಮನೇ ಬರೆದದ್ದು.

"ಮೇಡಂ, ಒಂದ್ ವಿಷಯ ಹೇಳೋದಿತ್ತು."

"ಇರು ಮಾರಾಯ್ತಿ, ಕನ್ನಡಕ ಎಲ್ಲಿಟ್ನೋ. ಕನ್ನಡಕ ಇಲ್ದೆ ನಂಗೆ ಕಿವೀನೂ ಕೇಳಲ್ಲ." ಕೈ ತಾನಾಗಿ ತಲೆಗೆ ಹೋಯಿತು. "ಥೂ, ಇಲ್ಲೇ ಇದೆ. ನೀವ್ಯಾರಾದ್ರೂ ಹೇಳಬಾರ್ದೇನ್ರೇ? ಹೂಂ, ಹೇಳು."

ಅವಳು ಬೆಳಿಗ್ಗೆಯಿಂದ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ವಾಕ್ಯ ಗಂಟಲಿನವರೆಗೆ ಬಂದಿತ್ತು. ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ದೊಡ್ಡಮ್ಮ ಒಂದು ಬೆರಳೆತ್ತಿ ಅವಳನ್ನು ನಿಲ್ಲಿಸಿ, ಫೋನಿನಲ್ಲಿ ಯಾರಿಗೋ, "ಇಲ್ಲ ಸರ್, ಇನ್ನೂ ತೆರೆದಿಲ್ಲ... ಮೂರಕ್ಕೆ... ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಸರ್, ಅದೇ ಅದರ ಚೆಂದ" ಎನ್ನುತ್ತಿದ್ದರು. ಎತ್ತಿದ ಬೆರಳು ಎತ್ತಿದ ಹಾಗೆಯೇ ಇತ್ತು. ಅದು ಇಳಿಯುವವರೆಗೂ ನಿಂತಿರಬೇಕಿತ್ತು. ಆ ಬೆರಳನ್ನು ನೋಡುತ್ತ ನಿಂತಿದ್ದಾಗ ಏಳನೆಯ ತರಗತಿಯ ಟೀಚರು ನೆನಪಾದರು.

ತರಗತಿಯ ರಟ್ಟಿನ ಭೂಗೋಳಕ್ಕೆ ಯಾರೋ ಹೆಬ್ಬೆರಳಿನಿಂದ ಒತ್ತಿ ಸಮುದ್ರದ ನಡುವೆ ತಗ್ಗು ಮಾಡಿದ್ದರು. ಮಾಡಿದವರು ಎದ್ದು ನಿಲ್ಲುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ ಎಂದು ಟೀಚರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು. ಗಂಟೆ ಹೊಡೆದು ಮುಕ್ಕಾಲು ಗಂಟೆಯಾಗಿತ್ತು. ನಲವತ್ತು ಮಕ್ಕಳ ಉಸಿರಾಟ, ಯಾರದೋ ಬಿಕ್ಕಳಿಕೆ, ಚೀಲದ ಪಟ್ಟಿ ಹಿಡಿದು ಬೆವೆತ ಕೈ. ಅವಳು ಎದ್ದು ನಿಂತು "ನಾನು ಟೀಚರ್" ಎಂದಳು. ಭೂಗೋಳವನ್ನು ಅವಳು ಯಾವತ್ತೂ ಮುಟ್ಟಿರಲಿಲ್ಲ. ಟೀಚರು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿಬಿಟ್ಟರು. ಅಂಗೈಗೆ ಎರಡು ಏಟು ಬಿದ್ದಿತ್ತು, ಬಾಗಿಲು ತೆರೆದಿತ್ತು, ಎಲ್ಲರೂ ಹೋ ಎಂದು ಓಡಿದ್ದರು. ಅವಳ ಎದೆಯೊಳಗೆ ಎಂಥದೋ ತಂಪು ಹರಡಿತ್ತು. ಆ ತಂಪನ್ನು ಅವಳು ಇವತ್ತಿಗೂ ಮರೆತಿರಲಿಲ್ಲ. ಮಾರನೆಯ ದಿನ ಯಾರೋ ಅವಳ ಡೆಸ್ಕಿನೊಳಗೆ ಹೊಸ ರಬ್ಬರೊಂದನ್ನು ಇಟ್ಟಿದ್ದರು. ಮನೆಯಲ್ಲಿ ಅಮ್ಮ ಅಂಗೈಗೆ ಎಣ್ಣೆ ಸವರುತ್ತ, "ಮಾಡದೇ ಇದ್ದದ್ದನ್ನ ಒಪ್ಕೊಂಡ್ ಬಂದ್ಯಲ್ಲೇ, ನಾಳೆ ಮಾಡಿದ್ದನ್ನ ಹೇಳಿದ್ರೆ ಯಾರ್ ನಂಬ್ತಾರೆ ನಿನ್ನ?" ಎಂದಿದ್ದಳು. ಈಗ ದೊಡ್ಡಮ್ಮನ ಮುಂದೆ ಬಾಯಿ ತೆರೆಯಬೇಕು ಎನ್ನಿಸುವುದು ಸತ್ಯಕ್ಕಾಗಿಯೋ, ಆ ತಂಪಿಗಾಗಿಯೋ? ಮೂವತ್ತೆಂಟು ವರ್ಷದ ಹೆಂಗಸು, ಒಂದು ದೂರದರ್ಶಕ, ಹನ್ನೊಂದು ಜನರ ಇಷ್ಟು ವರ್ಷದ ದುಡಿಮೆ, ಎಲ್ಲವನ್ನೂ ಮುರಿದು ಹಾಕಿ ಬಾಗಿಲು ತೆರೆಸಿಕೊಂಡು ಮನೆಗೆ ಓಡಲು ನೋಡುತ್ತಿದ್ದಾಳೆಯೇ? ಬೆರಳು ಇಳಿಯಲಿಲ್ಲ. ದೊಡ್ಡಮ್ಮ ಫೋನಿನ ಮೇಲೆ ಕೈಮುಚ್ಚಿ "ಆಮೇಲೆ ಬರ್ತೀಯಾ?" ಎಂದು ಪಿಸುಗುಟ್ಟಿದರು. ಬರುತ್ತೇನೆ ಎಂದು ತಲೆಯಾಡಿಸಿದಳು.

ಊಟದ ಹೊತ್ತಿಗೆ ಅತ್ತೆಯ ಫೋನು ಬಂತು. ಪಟ್ಟಿ ತೆಗೆಸಿಕೊಂಡು ಮನೆಗೆ ಬಂದಿದ್ದರು. ದನಿಯಲ್ಲಿ ಹಬ್ಬವೇ ಇತ್ತು. "ಅಲ್ಲ ಕಣೇ, ಅಡುಗೆಮನೆ ಗೋಡೆ ಇಷ್ಟ್ ಕೊಳಕಾಗಿದೆ ಅಂತ ಒಂದಿನಾನಾದ್ರೂ ಹೇಳಿದ್ಯಾ ನಂಗೆ? ಒಲೆ ಹಿಂದೆ ಎಣ್ಣೆ ಜಿಡ್ಡು, ಒಂದ್ ಬೆರಳು ದಪ್ಪ! ನಾನ್ ಇಷ್ಟು ದಿನ ಫಳಫಳ ಅಂತಿದೆ ಅಂದ್ಕೊಂಡಿದ್ದೆ."

"ಭಾನುವಾರ ಒರೆಸ್ತೀನಿ ಅತ್ತೆ."

"ಒರೆಸು, ಅದಿರ್ಲಿ. ನಂಗೆ ಕಾಣಲ್ಲ ಅಂತ ಎಲ್ಲಾ ಸೇರಿ ಆಟ ಆಡಿದ್ರಲ್ಲ." ಅತ್ತೆ ನಗುತ್ತಲೇ ಹೇಳಿದ್ದು, ಆದರೂ ಅವಳ ಕಿವಿ ಬಿಸಿಯಾಯಿತು. "ಹೂಂ, ಡಾಕ್ಟ್ರಿಗೆ ಹೇಳ್ದೆ, ಎತ್ತಿ ನೋಡಿದ್ದೆ ಅಂತ. ಎಲ್ರೂ ನೋಡ್ತಾರೆ ಅಜ್ಜಿ, ಹೇಳೋರು ಕಮ್ಮಿ ಅಂದ್ರು. ಒಳ್ಳೆ ಹುಡುಗ."

ಫೋನಿಟ್ಟು ನೋಡಿದರೆ ಎದುರು ಕುರ್ಚಿಯಲ್ಲಿ ತಕ್ಕಡಿ ತನ್ನ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಅವನು ಅನ್ನವನ್ನೂ ನಾಲ್ಕು ಸಮಪಾಲು ಮಾಡಿಯೇ ತಿನ್ನುವವನು. ಹನ್ನೆರಡು ವರ್ಷದ ಒಡನಾಟ. ಅವಳ ಮದುವೆಯಲ್ಲಿ ಊಟದ ಸಾಲು ನೋಡಿಕೊಂಡವನು. ಇವತ್ತು ಮಾತಿಗೆ ಮುಂಚೆ ಸ್ವಲ್ಪ ಹೊತ್ತು ಮುಚ್ಚಳವನ್ನು ತಿರುಗಿಸುತ್ತಿದ್ದ.

"ಒಂದ್ ಮಾತು. ನಗಬೇಡ. ಎರಡು ವಾರ ಕೂತು ಮತ್ತೆ ಲೆಕ್ಕ ಹಾಕ್ದೆ. ನೀನ್ ಹೇಳಿದ್ದೇ ಸರಿ. ಸಾವಿರಕ್ಕೆ ನಿಲ್ಸಿದ್ರೆ ನಮ್ಮ ದೂರದರ್ಶಕದ ಕಣ್ಣಿಗೆ ನಾವೇ ಬಟ್ಟೆ ಕಟ್ಟಿದಂಗೆ. ಸಭೇಲಿ ಸುಮ್ನೆ ಹಟ ಮಾಡ್ದೆ."

ಅವನು ಬೈದಿದ್ದರೆ, ಅನುಮಾನಪಟ್ಟಿದ್ದರೆ, ಕೊನೆಗೆ ಸೊಳ್ಳೆಯ ಮಾತಿಗೆ ಇನ್ನೂ ಮುನಿಸಿಕೊಂಡಿದ್ದರೂ ಅವಳಿಗೆ ಎಲ್ಲಿಯಾದರೂ ಒಂದು ಬಿರುಕು ಸಿಗುತ್ತಿತ್ತು. ಅವನು ಬಂದು ಕ್ಷಮೆ ಕೇಳುತ್ತಿದ್ದ. ಕಲಸಿದ ತುತ್ತು ಕೈಯಲ್ಲೇ ಒಣಗುತ್ತಿತ್ತು. "ನಾನು ಮುಂಚೆ ಯಾವತ್ತಾದ್ರೂ ನಿನ್ನ ಹತ್ರ ಎರಡು ಸಾವಿರ ಅಂದಿದ್ನಾ? ಆ ಸಭೆಗಿಂತ ಮುಂಚೆ?"

ತಕ್ಕಡಿ ಯೋಚಿಸಿದ. ಅವನು ಯೋಚಿಸುವಾಗ ನಿಜವಾಗಿಯೂ ಯೋಚಿಸುತ್ತಾನೆ. ಕಣ್ಣು ಮೇಲಿನ ಫ್ಯಾನಿನ ಮೇಲೆ ನಿಂತಿತ್ತು. "ಅಂದಿದ್ದೆ ಅನ್ಸತ್ತೆ... ಕಾಫಿ ಕುಡೀತಾ... ಅಲ್ಲ, ಅದು ಸಭೆ ಆದ್ಮೇಲೆ ಇರ್ಬೇಕು. ಯಾಕೆ?"

"ಸುಮ್ನೆ."

"ಸುಮ್ನೆ ಕೇಳೋಳಲ್ವಲ್ಲ ನೀನು" ಎಂದು ಅವನು ಮೂರನೆಯ ಪಾಲಿಗೆ ಕೈಹಾಕಿದ.

ಮೂರಕ್ಕೆ ಐದು ನಿಮಿಷವಿರುವಾಗ ಸಭೆಯ ಕೋಣೆಯ ಕಿಟಕಿ ಪರದೆಗಳನ್ನು ಎಳೆದರು. ಹಗಲು ಬೆಳಕು ಪರದೆಯ ಅಂಚುಗಳಲ್ಲಿ ಮಾತ್ರ ಉಳಿಯಿತು. ಆಮೇಲೆ ಅವಳು ದೊಡ್ಡಮ್ಮನ ಹತ್ತಿರ ಹೋಗಿ ಹೇಳಿರಲಿಲ್ಲ. ಎರಡು ಸಲ ಬಾಗಿಲವರೆಗೆ ಹೋಗಿದ್ದಳು. ಒಂದು ಸಲ ಒಳಗೆ ಜನರಿದ್ದರು, ಇನ್ನೊಂದು ಸಲ ಬೇರೆ ಯಾರೂ ಇರಲಿಲ್ಲ. ದೊಡ್ಡಮ್ಮ ಒಬ್ಬರೇ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆಯಲ್ಲಿ ಅವರು ಅಷ್ಟು ಮುದುಕಿಯಾಗಿ ಕಾಣುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಎಬ್ಬಿಸಲಿಲ್ಲ. ಎಬ್ಬಿಸದೆ ಇದ್ದದ್ದು ಕರುಣೆಯೆಂದು ಕಾರಿಡಾರಿನ ಕೊನೆಯವರೆಗೂ ಹೇಳಿಕೊಂಡಳು. ಕೊನೆ ಮುಟ್ಟಿದಾಗ ಅದು ಕರುಣೆಯಾಗಿರಲಿಲ್ಲ.

ನೀಲಿ ರಿಜಿಸ್ಟರು ಎಡಗಡೆಯಿಂದ ಹೊರಟಿತು. ಒಬ್ಬೊಬ್ಬರೂ ಮಾತಾಡುತ್ತಲೇ, ನಗುತ್ತಲೇ, ಮೇಲಿನ ವಾಕ್ಯವನ್ನು ಓದದೆಯೇ ಸಹಿ ಗೀಚಿ ಮುಂದೆ ತಳ್ಳುತ್ತಿದ್ದರು. ಯಾರೋ, "ಈ ಸಲಾನೂ ಖಾಲಿ ಇದ್ರೆ ಪೆಟ್ಟಿಗೇನೇ ಸಮುದ್ರಕ್ಕೆ ಹಾಕೋಣ" ಎಂದರು. ಯಾರೂ ಜೋರಾಗಿ ನಗಲಿಲ್ಲ. ರಿಜಿಸ್ಟರು ಅವಳ ಮುಂದೆ ಬಂದಾಗ ಅದರಲ್ಲಿ ಎಂಟು ಸಹಿಗಳಿದ್ದವು, ಪೆನ್ನು ಹಿಂದಿನವರ ಕೈಯ ಬಿಸಿಯನ್ನು ಇನ್ನೂ ಇಟ್ಟುಕೊಂಡಿತ್ತು. ನಾನು ನೋಡಿಲ್ಲ. ಎರಡೇ ಪದ. ಬಲಗಡೆಯವರು ಕೈ ಚಾಚಿ ಕಾಯುತ್ತಿದ್ದರು. ಈಗ ಎದ್ದು ನಿಲ್ಲಬೇಕು. ಎದ್ದು ನಿಂತು "ನಾನು" ಎನ್ನಬೇಕು. ಕಾಲಿಗೆ ಹೇಳಿದಳು, ಕಾಲು ಕೇಳಲಿಲ್ಲ. ಹನ್ನೆರಡು ವರ್ಷದವಳಿದ್ದಾಗ ಎದ್ದು ನಿಂತಿದ್ದ ಅದೇ ಕಾಲು. ಬಹುಶಃ ಅದಕ್ಕೆ ಸುಳ್ಳು ಒಪ್ಪಿಕೊಳ್ಳುವುದು ಮಾತ್ರ ಗೊತ್ತಿತ್ತು. ಪೆನ್ನು ಕಾಗದಕ್ಕೆ ತಾಗಿ ಒಂದು ಚುಕ್ಕೆಯಾಯಿತು. ಆ ಚುಕ್ಕೆಯನ್ನು ನೋಡಿದಳು. ಆಮೇಲೆ ಅದರ ಪಕ್ಕದಲ್ಲಿ, ಸಹಿ ಇರಬೇಕಾದ ಜಾಗದಲ್ಲಿ, ಪ್ರತಿ ಅಂಕಿಯನ್ನೂ ಬಿಡಿಬಿಡಿಯಾಗಿ ಬರೆದಳು: 1340. ರಿಜಿಸ್ಟರನ್ನು ಬಲಕ್ಕೆ ತಳ್ಳಿದಳು. ಬಲಗಡೆಯವರು ಎದುರಿನ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಸಹಿ ಹಾಕಿದರು. ಅದು ಹೋಗಿ ದೊಡ್ಡಮ್ಮನ ಕೈ ಸೇರಿತು; ಅವರೂ ಹಾಗೆಯೇ ಸಹಿ ಹಾಕಿ, ರಟ್ಟು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು, "ತೆರಿಯಪ್ಪಾ ತಕ್ಕಡಿ" ಎಂದರು.

ಮೊದಲು ಸೊನ್ನೆಯ ಗೆರೆ ಬಂತು. ಐನೂರು. ಸಾವಿರ. ಖಾಲಿ. ಕೋಣೆಯಲ್ಲಿ ಯಾರೋ ನಿಟ್ಟುಸಿರು ಬಿಡಲು ಶುರುಮಾಡಿ ನಡುವೆಯೇ ನಿಲ್ಲಿಸಿದರು. ಚುಕ್ಕೆ ತನ್ನ ಜಾಗದಲ್ಲಿ ಬಂದು ಕೂತಿತ್ತು. ಅವಳೊಬ್ಬಳೇ ಅದು ಬರುವ ಮುಂಚೆಯೇ ಆ ಜಾಗವನ್ನು ನೋಡುತ್ತಿದ್ದಳು. ಆಮೇಲಿನದು ಗದ್ದಲ. ಕುರ್ಚಿಗಳು ಹಿಂದಕ್ಕೆ ಬಿದ್ದವು, ಯಾರೋ ಮೇಜು ಬಡಿದರು, ಯಾರೋ ಅವಳ ಹೆಗಲು ಹಿಡಿದು ಅಲುಗಾಡಿಸಿ, "ನಿನ್ನ ಎರಡು ಸಾವಿರ ಕಣೇ! ನಿನ್ನದು!" ಎಂದು ಕಿವಿಯೊಳಗೇ ಕೂಗಿದರು. ದೊಡ್ಡಮ್ಮ ಅಳುತ್ತಿದ್ದರು, ಕಣ್ಣೊರೆಸಲು ಕನ್ನಡಕವನ್ನು ತಲೆಗೇರಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಅವಳ ಮುಖ ನಗುತ್ತಿತ್ತು. ಅದು ನಗುತ್ತಿರುವುದು ಕೆನ್ನೆಯ ನೋವಿನಿಂದ ಗೊತ್ತಾಗುತ್ತಿತ್ತು. ನೀಲಿ ರಿಜಿಸ್ಟರು ಮೇಜಿನ ತುದಿಯಲ್ಲಿ ಯಾರಿಗೂ ಬೇಡವಾಗಿ ಬಿದ್ದಿತ್ತು. ಈ ಗದ್ದಲದಲ್ಲಿ ಅದನ್ನು ಯಾರೂ ತೆರೆಯದೆ ಬೀರುವಿಗೆ ಹೋಗಿಬಿಡಬಹುದು, ಏಳು ವರ್ಷ, ಹತ್ತು ವರ್ಷ ಅಲ್ಲೇ ಇರಬಹುದು, ತಾನು ಹೇಳಿಯೂ ಹೇಳದ ಹಾಗೆ ಬದುಕಬಹುದು ಎಂದು ಹೊಳೆದಾಗ ಎದೆಯೊಳಗೆ ಏನೋ ಅಲುಗಿತು. ಅದು ಭಯವಲ್ಲ, ಆಸೆ. ತನ್ನೊಳಗಿನ ಆ ಆಸೆಯನ್ನು ಅವಳು ಸ್ಪಷ್ಟವಾಗಿ ನೋಡಿದಳು.

ತಕ್ಕಡಿ ಗದ್ದಲದಿಂದ ಹೊರಬಂದು ರಿಜಿಸ್ಟರನ್ನು ತೆಗೆದುಕೊಂಡ. ಸಹಿಗಳನ್ನು ಎಣಿಸಿ ಬೀರುವಿನಲ್ಲಿಡುವುದು ಅವನ ಕೆಲಸ. ಲೋಕ ಮುಳುಗಿದರೂ ಅವನು ಎಣಿಸಿಯೇ ಇಡುವವನು. ಬೆರಳಿನಿಂದ ಎಣಿಸುತ್ತ ಬಂದ. ಬೆರಳು ಒಂದು ಕಡೆ ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದ. ಅದೇ ಜಾಗದಲ್ಲಿ ನಿಂತಿತು. ತಲೆಯೆತ್ತಿ ಪರದೆಯನ್ನು ನೋಡಿದ, ಚುಕ್ಕೆಯ ಕೆಳಗೆ ಬರೆದಿದ್ದ ಅಂಕಿಯನ್ನು ನೋಡಿದ, ರಿಜಿಸ್ಟರನ್ನು ನೋಡಿದ. ಅವಳತ್ತ ನೋಡಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿರ ಬಂದು ನಿಂತ. ಅವನ ಬಾಯಿಂದ ಮಧ್ಯಾಹ್ನದ ಊಟದ ವಾಸನೆ ಬರುತ್ತಿತ್ತು.

"ಮಧ್ಯಾಹ್ನ ಕೇಳಿದ್ಯಲ್ಲ," ಎಂದ, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ. "ಮುಂಚೆ ಅಂದಿದ್ನಾ ಅಂತ. ನಿಂಗೇ ನೆನಪಿಲ್ವಾ?"

"ಇಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ ಗೊತ್ತಿಲ್ಲ ಕಣೋ."

ಅವನು ತೂಗುತ್ತಿದ್ದ. ಅವಳು ಕಾಯ್ದಳು. ಅವನು ಅದನ್ನು ಮುಚ್ಚಿ ಬೀರುವಿಗೆ ಒಯ್ಯಬಹುದಿತ್ತು. ಹನ್ನೆರಡು ವರ್ಷ, ಮದುವೆಯ ಊಟದ ಸಾಲು, ಎರಡು ವಾರದ ಅವನದೇ ಲೆಕ್ಕ ಎಲ್ಲ ಒಂದು ಕಡೆಯಿತ್ತು. ತಕ್ಕಡಿ ರಿಜಿಸ್ಟರನ್ನು ಮುಚ್ಚಲಿಲ್ಲ. ಬೀರುವಿಗೂ ಒಯ್ಯಲಿಲ್ಲ. ತೆರೆದ ಪುಟವನ್ನೇ ತಿರುಗಿಸಿ ದೊಡ್ಡಮ್ಮನ ಮುಂದೆ ಮೇಜಿನ ಮೇಲಿಟ್ಟು, ಮಡಚಿಕೊಳ್ಳದಿರಲೆಂದು ಅಂಚಿಗೆ ಒಂದು ಖಾಲಿ ಲೋಟ ಇಟ್ಟ. ಇನ್ನು ಅವನ ಕೆಲಸ ಮುಗಿಯಿತು ಎನ್ನುವ ಹಾಗೆ ಹೋಗಿ ಕಿಟಕಿಯ ಪರದೆ ಸರಿಸತೊಡಗಿದ. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿತ್ತು.

"ಏನಿದು?" ದೊಡ್ಡಮ್ಮ ಇನ್ನೂ ಒದ್ದೆಯಾಗಿದ್ದ ಕಣ್ಣನ್ನು ಕಿರಿದು ಮಾಡಿ ಪುಟದ ಮೇಲೆ ಬಗ್ಗಿದರು. "ಏನೋ ಬರ್ದಿದೆ. ಸಹಿ ಅಲ್ಲ... ಕಾಣ್ತಿಲ್ಲ. ನನ್ನ ಕನ್ನಡಕ ಎಲ್ಲಿ ಹಾಳಾಗ್ ಹೋಯ್ತು?" ಕೈ ಮೇಜಿನ ಮೇಲ್ಗಡೆ ತಡಕಿತು, ಕೈಚೀಲವನ್ನು ತಡಕಿತು, ಲೋಟಕ್ಕೆ ತಾಗಿ ಲೋಟ ಅಲುಗಿತು. ಯಾವತ್ತೂ ಯಾರಾದರೊಬ್ಬರು ನಗುತ್ತ ಹೇಳುವವರು. ಇವತ್ತು ಎಲ್ಲರೂ ಪರದೆಯ ಮುಂದೆ ಚುಕ್ಕೆಯ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ತಕ್ಕಡಿ ಬೆನ್ನು ತಿರುಗಿಸಿ ನಿಂತಿದ್ದ. ಕಾಯಬಹುದಿತ್ತು, ಇನ್ನು ನಾಲ್ಕು ಸೆಕೆಂಡಿನಲ್ಲಿ ಆ ಕೈ ತಾನಾಗಿ ತಲೆಗೆ ಹೋಗುತ್ತಿತ್ತು. ಒಂದು, ಎರಡು ಎಂದು ಅವಳು ಎಣಿಸುತ್ತಿರುವುದು ಅವಳಿಗೇ ಗೊತ್ತಾಯಿತು. ಮೂರು ಎನ್ನುವ ಮುಂಚೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದು ನಿಂತಳು.

"ತಲೆ ಮೇಲಿದೆ ಮೇಡಂ," ಎಂದಳು.